ಅಪ್ಪನ ಆಪರೇಷನ್ನಿಗೆ ನಾನು ಕುರಿ ಕಾಯ್ದದ್ದು

ಆಯುಷ್ಮಾನ್ ಕಾರ್ಡ್ ಮನೆಗೆ ಬಂದು ಎರಡು ವರ್ಷವಾದರೂ ಅಪ್ಪ ಹರ್ನಿಯಾದ ಗಂಟಿಗೆ ಬಟ್ಟೆ ಬಿಗಿದು, ಅದರ ಮೇಲೆ ಧೋತರ ಉಟ್ಟು ಕುರಿಗಳ ಹಿಂದೆ ತಿರುಗುತ್ತಿದ್ದ. ಔರಾದಿನ ಸರಕಾರಿ ದವಾಖಾನೆಯ ಡಾಕ್ಟರು ಬೀದರಿಗೆ ಚೀಟಿ ಬರೆದುಕೊಟ್ಟಿದ್ದರು. ಇನ್ನೂ ತಡ ಮಾಡಿದರೆ ಕರುಳು ಸಿಕ್ಕಿಕೊಂಡು ಜೀವಕ್ಕೇ ಅಪಾಯ ಎಂದೂ ಹೇಳಿದ್ದರು. ನಾನು ಕಾರ್ಡಿನ ನಿಯಮಗಳನ್ನೆಲ್ಲ ಓದಿ, ಒಂದು ಪೈಸೆಯೂ ಕೊಡಬೇಕಾಗಿಲ್ಲ ಎಂದು ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ಕಾರ್ಡ್ ದವಾಖಾನಿ ಖರ್ಚು ಕೊಡ್ತದ, ಖರೆ. ಕುರಿ ಮೇಯಿಸ್ತದೇನು?"

ಕುರಿ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಚಿಕ್ಕಪ್ಪ ತನ್ನ ಹಿಂಡು ಹೊಡೆದುಕೊಂಡು ಭಾಲ್ಕಿ ಕಡೆ ಹೋಗಿದ್ದ. ಮನೆಗೆ ನಾನೊಬ್ಬಳೇ ಮಗಳು, ಎಂ.ಎ. ಮುಗಿಸಿ, ಪರೀಕ್ಷೆಯೊಂದಕ್ಕೆ ಓದುತ್ತ ನಮ್ಮೂರು ಚಿಂತಾಕಿಯಲ್ಲೇ ಇದ್ದೆ.

"ನಾ ಕಾಯ್ತೇನಿ" ಎಂದೆ.

ಅವ್ವ ನಕ್ಕುಬಿಟ್ಟಳು. "ಬಸ್ಸಿನ್ಯಾಗ ಟಿಕೀಟ ಕೇಳಲಿಕ್ಕೂ ನಾಚ್ತಿ. ಕುರಿ ಹ್ಯಾಂಗ ಕರೀತಿ?"

ಅವಳ ಅನುಮಾನ ಸರಿಯಾಗಿಯೇ ಇತ್ತು. ಅಪ್ಪನ ಕರೆ ನನಗೆ ಹುಟ್ಟಿದಾಗಿನಿಂದ ಗೊತ್ತು: ನಾಲಿಗೆ ಹೊರಳಿಸಿ ಒಂದು "ಟುರ್ರ್", ಆಮೇಲೆ ಹೊಟ್ಟೆಯಿಂದ ಎತ್ತಿದ ಉದ್ದನೆಯ "ಹೋಯ್". ಅರ್ಧ ಊರಿಗೆ ಕೇಳುತ್ತದೆ. ನಾನಾದರೋ ತರಗತಿಯಲ್ಲಿ ಹಾಜರಿ ಹೇಳಿದ್ದೂ ಮೇಷ್ಟ್ರಿಗೆ ಕೇಳಿಸದಂಥವಳು.

ಅಪ್ಪ, ಅವ್ವ ಇಬ್ಬರೂ ಬೀದರಿಗೆ ಹೋಗಿ ಅಪ್ಪ ವಾರ್ಡಿಗೆ ಸೇರಿದ ದಿನ, ನಾನು ಹಿಂಡನ್ನು ಗುಡ್ಡಕ್ಕೆ ಬಿಟ್ಟೆ. ಬಾಯಿ ತೆರೆಯದೆ, ಬರೀ ಕೋಲು ಅಡ್ಡ ಹಿಡಿದು, ಅತ್ತಿಂದಿತ್ತ ಓಡಿಯೇ ದಿನ ಕಳೆದೆ. ಇಳಿಹೊತ್ತಿಗೆ ನನ್ನ ಕಾಲು ಸೋತವು. ನಲವತ್ತು ಕುರಿಗಳಲ್ಲಿ ಒಂದೂ ಮನೆಯ ಕಡೆ ಮುಖ ಮಾಡಲಿಲ್ಲ. ಆಗಲೇ ಅಪ್ಪನ ಫೋನ್ ಬಂತು.

"ದೊಡ್ಡಿಗೆ ಬಂದಾವೇನವ್ವಾ?"

"ಬರ್ತಾವ."

"ಬರ್ತಾವ ಅಂದ್ರ ಬಂದಿಲ್ಲ! ಗಾಳಿ ಸಪ್ಪಳ ಕೇಳ್ತದ, ಇನ್ನಾ ಗುಡ್ಡದಾಗೇ ಇದ್ದಿ." ಆಮೇಲೆ ಅವ್ವನಿಗೆ: "ಏ, ನನ್ನ ಚಪ್ಪಲಿ ಎಲ್ಲಿ ಇಟ್ಟಿ? ನಾ ಊರಿಗೆ ಹೋಗ್ತೇನಿ."

ಹಿಂದಿನಿಂದ ಅವ್ವ ಕೂಗಿದಳು: "ಕಾರ್ಡಿನ ಮಂಜೂರಿ ಈಗ ಬಂದದ. ನಾಳಿ ಮುಂಜಾನಿ ಆಪರೇಷನ್. ಸುಮ್ಮ ಕುಂದ್ರು!"

ಅಪ್ಪ ಕೂರಲಿಲ್ಲ. ನನಗೆ ಸ್ಪೀಕರ್ ಹಾಕಲು ಹೇಳಿ, ಬೀದರಿನ ವಾರ್ಡಿನಿಂದಲೇ ಕರೆ ಕೊಟ್ಟ. ನಾನು ಫೋನ್ ಎತ್ತಿ ಹಿಡಿದಿದ್ದೆ. ಕುರಿಗಳೆಲ್ಲ ತಲೆಯೆತ್ತಿದವು. ಹಿಂಡಿನ ಮುಂದಾಳು ಮುದಿ ಕುರಿ ಓಡಿ ಬಂದು, ನನ್ನನ್ನು ಒಂದು ಸುತ್ತು ಹಾಕಿ, ಅಪ್ಪ ಎಲ್ಲೂ ಕಾಣದೆ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಫೋನಿನಲ್ಲಿ ನರ್ಸ್ ದನಿ: "ಏನ್ರಿ ಕಾಕಾ, ವಾರ್ಡಿನ್ಯಾಗ ಕುರಿ ತಂದೀರೇನ್ರಿ?"

"ಅವು ಬರವಲ್ಲವ್ರಿ ಸಿಸ್ಟರ್. ಅದಕ್ಕ ನಾನೇ ಹೊಂಟೀನಿ."

ಅಪ್ಪ ಹೊರಟರೆ ಮತ್ತೆ ದವಾಖಾನೆಯ ಮೆಟ್ಟಿಲು ಹತ್ತುವವನಲ್ಲ. ಸುತ್ತ ನೋಡಿದೆ. ಕೆಳಗಿನ ತೊಗರಿ ಹೊಲದಲ್ಲಿ ಇಬ್ಬರು ಹೆಂಗಸರಿದ್ದರು. ಅವರಿಗೆ ಬೆನ್ನು ಮಾಡಿ ಅಪ್ಪನ ಹಾಗೆ ಕೂಗಿದೆ. ದನಿ ಒಡೆಯಿತು. ಉಸಿರೆಳೆದುಕೊಂಡು ಇನ್ನೊಮ್ಮೆ ಕೂಗಿದೆ. ಅಷ್ಟು ದೊಡ್ಡ ಸದ್ದು ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ.

"ಯವ್ವಾ, ಆ ಮೂಗಿ ಹುಡುಗೀನೇ ಅದು?" ಎಂದಳು ಹೊಲದಲ್ಲಿದ್ದವಳೊಬ್ಬಳು.

ಮುದಿ ಕುರಿ ನನ್ನತ್ತ ಬಂತು. ಅದರ ಬೆನ್ನಿಗೆ ಮರಿಗಳು, ಟಗರುಗಳು, ಎಲ್ಲವೂ. ಕರೆಯುವ ಅಗತ್ಯ ಮುಗಿದಿದ್ದರೂ ನಾನು ಊರು ಮುಟ್ಟುವವರೆಗೆ ಕೂಗುತ್ತಲೇ ಬಂದೆ. ದೊಡ್ಡಿಯ ಬಾಗಿಲಲ್ಲಿ ಅಪ್ಪನಿಗೆ ಕೇಳುವಂತೆ ನಲವತ್ತನ್ನೂ ಎಣಿಸಿದೆ.

ಫೋನಿನ ಆ ಕಡೆ ಅವನು ನಗುತ್ತಿದ್ದ. ಇಡೀ ವಾರ್ಡೇ ನಗುತ್ತಿತ್ತು. "ಆಪರೇಷನ್ನಿನ ಒಪ್ಪಿಗಿ ಕಾಗದ ತರ್ರಿ ಸಿಸ್ಟರ್," ಎಂದ. "ಹೆಬ್ಬಟ್ಟು ಎಲ್ಲಿ ಒತ್ತಬೇಕು?"

ಮರುದಿನ ಗುಡ್ಡದ ಮೇಲಿದ್ದಾಗ ಅವ್ವ ಫೋನ್ ಮಾಡಿದಳು. "ಹೊರಗ ತಂದಾರ. ಎಲ್ಲ ಚಲೋ ಆಗ್ಯದಂತ. ಕಣ್ಣ ತೆಗೆದವನೇ, ಕುರಿ ನೀರ ಕುಡದಾವೇನು ಅಂದ."

"ಕುಡದಾವಂತ ಹೇಳು!" ಎಂದು ಕೂಗಿದೆ. ಹಿಂಡಿಗೆ ಹಿಂಡೇ ನನ್ನತ್ತ ಓಡಿ ಬಂತು.