ಮೂವತ್ತು ಟ್ಯೂಬು, ಒಂದೇ ಮನೆಯ ಹುಳು

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಮಗಳ ಮದುವೆ, ಕಣ್ಣಿನ ಆಪರೇಷನ್, ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಈಗ ನೆಪಗಳೂ ಮುಗಿದಿವೆ.

1991ರಲ್ಲಿ ನಾನು ಶಿಡ್ಲಘಟ್ಟದ ಹತ್ತಿರದ ಒಂದು ರೇಷ್ಮೆ ಸಂಶೋಧನಾ ಕೇಂದ್ರದಲ್ಲಿ ಫೀಲ್ಡ್ ಅಸಿಸ್ಟೆಂಟ್. ಓದಿದ್ದು ಎಸ್ಸೆಸ್ಸೆಲ್ಸಿ. ಆ ವರ್ಷ ಮಾಲಿಕ್ಯುಲರ್ ಬಯಾಲಜಿಯ ವಿಜ್ಞಾನಿಯೊಬ್ಬರು ಅಲ್ಲಿಗೆ ಬಂದರು. ಗೌರಿಬಿದನೂರು ಕಡೆಯವರು. ನನಗಿಂತ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು, ಆದರೂ ನನ್ನನ್ನು ‘ನೀವು’ ಎನ್ನುತ್ತಿದ್ದರು. ನಮಗೆ ಅವರು ಮೇಡಂ. ಆಗಲೇ ಅವರ ಹತ್ತು ಪೇಪರ್ ಅಚ್ಚಾಗಿದ್ದವು. ಪೇಪರ್ ಎಂದರೆ ವಿಜ್ಞಾನಿ ತಾನು ಕಂಡದ್ದನ್ನು ಜರ್ನಲ್‌ನಲ್ಲಿ ಪ್ರಕಟಿಸುವ ವರದಿ. ಅದನ್ನು ನಂಬಿ ಬೇರೆಯವರು ಮುಂದಿನ ಕೆಲಸ ಮಾಡುತ್ತಾರೆ.

ರೇಷ್ಮೆ ಹುಳುವಿನ ಹಾಲು ರೋಗಕ್ಕೆ ಒಂದು ವೈರಸ್ ಕಾರಣ. ಅದು ಎಲ್ಲ ಊರಿನಲ್ಲೂ ಒಂದೇ ಬಗೆಯದೋ, ಬೇರೆ ಬೇರೆಯೋ ಎಂಬುದು ಅವರ ಪ್ರಶ್ನೆ. ಮೂವತ್ತು ಹಳ್ಳಿಗಳಿಂದ ಸತ್ತ ಹುಳು ತಂದು, ಟ್ಯೂಬಿನ ಮೇಲೆ ಊರು, ತಾರೀಕು, ಮನೆಯವರ ಹೆಸರು ಬರೆಯುವುದು ನನ್ನ ಕೆಲಸ. ಅವರು ವೈರಸ್ಸಿನ ಡಿಎನ್‌ಎ ತುಂಡರಿಸಿ, ಊರಿಂದೂರಿಗೆ ಹೋಲಿಸುತ್ತಿದ್ದರು.

ಮಂಡಿಕಲ್‌ನ ಮೊದಲ ಮನೆಯಲ್ಲೇ ತಡೆದರು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ನಮ್ಮ ಕಡೆ ಹೊರಗಿನವರನ್ನು ಹುಳುವಿನ ಮನೆಗೆ ಬಿಡುವುದಿಲ್ಲ. ಸತ್ತ ಹುಳುವನ್ನೂ ಆಚೆ ಕೊಡುವುದಿಲ್ಲ. ಕೊಟ್ಟರೆ ಅದರ ಹಿಂದೆಯೇ ಬೆಳೆಯೂ ಹೋಗುತ್ತದೆಂಬ ಭಯ.

“ಗೂಡು ಬಿಡಿಸಿದ್ ಮೇಲೆ ಬಾರಪ್ಪ,” ಎಂದರು ಮನೆಯಾಕೆ. “ಕಾಫಿನೂ ಕೊಡ್ತೀನಿ, ಸತ್ತಿರೋ ಹುಳಾನೂ ಕೊಡ್ತೀನಿ. ಈಗ ಬೆಳೆ ಕೆಟ್ರೆ ನಿಮ್ಮಾಫೀಸು ಬಂದು ಗೂಡು ಕಟ್ತದಾ?”

ಹತ್ತು ದಿನ ಕಾಯಬೇಕಿತ್ತು. ಕಾಯಲಿಲ್ಲ, ಉಳಿದ ಊರುಗಳಿಗೂ ಹೋಗಲಿಲ್ಲ. ನೇರ ನನ್ನ ಹೆಂಡತಿಯ ತಮ್ಮನ ಮನೆಗೆ ಹೋದೆ. ಅವನ ಬೆಳೆ ಪೂರ್ತಿ ಹಾಲು ರೋಗಕ್ಕೆ ಸಿಕ್ಕಿ, ಹುಳುಗಳನ್ನು ಗುಂಡಿಗೆ ಸುರಿಯುತ್ತಿದ್ದ.

“ತಗೊಳಿ ಭಾವ, ಮಂಕರಿಗಟ್ಲೆ ತಗೊಳಿ,” ಎಂದು ನಕ್ಕ. “ಬದುಕಿರೋವು ನನಗೆ ಸಿಗಲಿಲ್ಲ, ಸತ್ತಿರೋವಾದ್ರೂ ನಿಮಗಾಗ್ಲಿ.”

ಅವನ ಜಗಲಿಯ ಮೇಲೆ ಕೂತು ಮೂವತ್ತು ಟ್ಯೂಬು ತುಂಬಿದೆ. ಮಂಡಿಕಲ್, ನಗರಗೆರೆ ಎಂದು ಮೂವತ್ತು ಊರು ಬರೆದೆ. ಮನೆಯವರ ಹೆಸರುಗಳನ್ನೂ ನಾನೇ ಹುಟ್ಟಿಸಿದೆ. ಬರೆದ ಆ ಕೈಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎಲ್ಲ ಊರಿನ ವೈರಸ್ಸೂ ಒಂದೇ ಎಂದು ಮೇಡಂ ಅವರ ಹನ್ನೊಂದನೇ ಪೇಪರ್ ಬಂತು. ಹೊರದೇಶದವರೂ ಅದನ್ನು ತಮ್ಮ ಪೇಪರ್‌ಗಳಲ್ಲಿ ಉಲ್ಲೇಖಿಸಿದರು. ಲ್ಯಾಬಿಗೆ ಒಂದು ದಿನವೂ ಕಾಲಿಡದ ಕೇಂದ್ರದ ನಿರ್ದೇಶಕರು ಅದಕ್ಕೆ ತಮ್ಮ ಹೆಸರನ್ನೂ ಸೇರಿಸಿಕೊಂಡಿದ್ದರು. ಕೊನೆಯ ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರಿತ್ತು, ಮಾದರಿಗಳನ್ನು ಎಚ್ಚರಿಕೆಯಿಂದ ಸಂಗ್ರಹಿಸಿದ್ದಕ್ಕೆ.

ಮೂರು ವರ್ಷದ ಮೇಲೆ ಬೇರೊಂದು ತಂಡ ಚಿಂತಾಮಣಿ ಕಡೆ ಹುಳು ಪರೀಕ್ಷಿಸಿತು. ಹಳ್ಳಿಗೊಂದು ಬಗೆಯ ವೈರಸ್ ಸಿಕ್ಕಿತು. ಮೇಡಂ ಫಲಿತಾಂಶ ಸೃಷ್ಟಿಸಿದ್ದಾರೆಂಬ ದೂರು ಬಂತು. ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿದರು.

“ಏನಯ್ಯ, ಮೂವತ್ತು ಹಳ್ಳಿಗೂ ಹೋಗಿದ್ಯಾ?”

“ಹೋಗಿದ್ದೆ ಸಾರ್.”

ಮೇಡಂ ನನ್ನ ಮುಖ ನೋಡಿದರು. ಆಮೇಲೆ, “ಅವರು ಸುಳ್ಳು ಹೇಳಲ್ಲ ಸಾರ್. ತಪ್ಪು ನನ್ನ ಲ್ಯಾಬಲ್ಲೇ ಆಗಿರ್ಬೇಕು,” ಎಂದರು.

ನಾನು ಕೈಮುಗಿದು ಹೊರಗೆ ಬಂದೆ.

ಮೇಡಂ ಆ ಪೇಪರನ್ನು ವಾಪಸ್ ಪಡೆದರು. ಹೊಗಳಿಕೆ ಬಂದಾಗ ಮುಂದೆ ನಿಂತಿದ್ದ ನಿರ್ದೇಶಕ ಮಹಾಶಯ, ತನಗೆ ಏನೂ ತೋರಿಸಿರಲಿಲ್ಲವೆಂದು ಕಾಗದ ಬರೆದು ಕೈತೊಳೆದುಕೊಂಡ. ಥೂ! ಆದರೆ ಉಗಿಯಬೇಕಾದದ್ದು ಮೊದಲು ನನ್ನ ಮುಖಕ್ಕೆ. ಮೇಡಂ ಅವರ, ಸರಿಯಾಗಿದ್ದ ಹಳೆಯ ಹತ್ತು ಪೇಪರ್‌ಗಳನ್ನೂ ಜನ ಅನುಮಾನದಿಂದ ನೋಡಿದರು. ಮರುವರ್ಷ ಅವರು ಸಂಶೋಧನೆಯನ್ನೇ ಬಿಟ್ಟು ಎಲ್ಲೋ ಕಾಲೇಜಿನಲ್ಲಿ ಪಾಠಕ್ಕೆ ಸೇರಿದರು. ನನಗೆ ಬಡ್ತಿ ಸಿಕ್ಕಿತು.

ಲ್ಯಾಬಿನ ಎಷ್ಟೇ ದೊಡ್ಡ ಯಂತ್ರವೂ ಟ್ಯೂಬಿನ ಮೇಲಿನ ಚೀಟಿಯನ್ನು ನಂಬಿಯೇ ಕೆಲಸ ಮಾಡುತ್ತದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಮೇಡಂ ಮುಂದೆ ನಿಂತು ತಪ್ಪಾಯಿತು ಎನ್ನಲು ಈವರೆಗೆ ಹೋಗಿಲ್ಲ. ಮೂವತ್ತು ಹೆಸರು ಸುಳ್ಳು ಬರೆದ ಕೈಯಿಂದ ಅವರ ಹೆಸರೊಂದನ್ನು ಸರಿಯಾಗಿ ಬರೆಯುತ್ತೇನೆ: ಡಾ. ಮುನಿಲಕ್ಷ್ಮಿ.