ಬೇಲಿ ದಾಟಿದ ಹೋಮದ ಹೊಗೆ

ಕೋವಿಡ್ ತಣ್ಣಗಾದ ಮರುವರ್ಷ ನಾನು ಮಿಶಿಗನ್‌ನಲ್ಲಿ, ವಿಕ್ಸಮ್‌ಗೆ ಹತ್ತಿರದ ಒಂದು ಸಣ್ಣ ಊರಿನ ಫೈರ್ ಇನ್‌ಸ್ಪೆಕ್ಟರ್ ಆಗಿದ್ದೆ. ಬೆಂಕಿ ಆರಿಸುವವರು ಬೇರೆ. ಹೊತ್ತಿಕೊಳ್ಳುವ ಮೊದಲೇ ಹೋಗಿ ನಿಯಮ ಹೇಳಿ ಬೈಸಿಕೊಳ್ಳುವುದು ನನ್ನ ಕೆಲಸ. ಮನೆಯೊಳಗೇ ಕೂತು ಬೇಸತ್ತಿದ್ದ ಜನ ಆಗ ಹಿತ್ತಿಲಿಗೊಂದು ಫೈರ್ ಪಿಟ್ ತಂದಿಟ್ಟುಕೊಂಡಿದ್ದರು. ಸಂಜೆ ಸುತ್ತ ಕೂತು ಚಳಿ ಕಾಯಿಸಿಕೊಳ್ಳುವ ಅಗ್ಗಿಷ್ಟಿಕೆ, ಅಷ್ಟೆ. ಆದರೆ ಅದರ ನಿಯಮ ಊರಿಂದೂರಿಗೆ ಬೇರೆ. ನಮ್ಮಲ್ಲಿ ಮನೆಯಿಂದ ಇಪ್ಪತ್ತೈದು ಅಡಿ ದೂರದಲ್ಲಿ ಒಣಕಟ್ಟಿಗೆ ಉರಿಸಿದರೆ ಪರ್ಮಿಟ್ ಬೇಡ. ಪಕ್ಕದ ಊರಿನಲ್ಲಿ ಬೇಕೇ ಬೇಕು. ಎರಡೂ ಕಡೆ ಒಂದು ಮಾತು ಮಾತ್ರ ಸಮಾನ: ಹೊಗೆಯಿಂದ ನೆರೆಯವರಿಗೆ ತೊಂದರೆಯಾದರೆ ಬೆಂಕಿ ಆರಿಸಬೇಕು.

ಒಂದು ಗುರುವಾರ ದೂರು ಬಂತು. ದೂರು ಕೊಟ್ಟ ಡೇವ್ ಎಂಬ ನಿವೃತ್ತರ ಮನೆ ಪಕ್ಕದ ಊರಿಗೆ ಸೇರಿದ್ದು, ಹೊಗೆ ಎದ್ದ ಮನೆ ನಮ್ಮ ಊರಿನದು. ನಡುವಿನ ಮರದ ಬೇಲಿಯೇ ಎರಡು ಊರುಗಳ ಗಡಿ. ಡೇವ್ ಅವರ ಹೆಂಡತಿ ಲಿಂಡಾಗೆ ಉಬ್ಬಸ. ಆ ಹೊಗೆಗೆ ಆಕೆ ಸೆಕೆಯಲ್ಲೂ ಕಿಟಕಿ ಮುಚ್ಚಿಕೊಂಡು ಕೂತಿದ್ದರಂತೆ.

ವಿಳಾಸ ಹುಡುಕಿ ಹೋದರೆ ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ. ಮೈಸೂರಿನ ಸುಷ್ಮಾ, ಅವಳ ಅತ್ತೆ ಜಯಮ್ಮ. ಭಾನುವಾರ ಗೃಹಪ್ರವೇಶ, ಸೋಮವಾರ ಜಯಮ್ಮನವರ ವಿಮಾನ. ಒಳಗೆ ಹೋಮ ಮಾಡಿದರೆ ಸ್ಮೋಕ್ ಅಲಾರ್ಮ್ ಬಡಿದುಕೊಳ್ಳುತ್ತದೆಂದು ಹಿತ್ತಿಲಿನಲ್ಲಿ ಕಬ್ಬಿಣದ ಪಿಟ್ ಇಟ್ಟು, ಹೇಗೆ ಉರಿಯುತ್ತದೆಂದು ಪರೀಕ್ಷೆ ಮಾಡಿದ್ದರು.

ಟೇಪ್ ಹಿಡಿದೆ. ಇಪ್ಪತ್ತೆಂಟು ಅಡಿ. ನಿಯಮದಲ್ಲಿ ತಪ್ಪಿರಲಿಲ್ಲ. ಆದರೂ ನನ್ನ ಎದೆ ಹಗುರಾಗಲಿಲ್ಲ. ಭಾನುವಾರ ಮತ್ತೆ ದೂರು ಬಂದರೆ, ಪೂರ್ಣಾಹುತಿಗೆ ಮುಂಚೆಯೇ ‘ಹೋಮ ಆರಿಸಿ’ ಎಂದು ನಾನೇ ಹೇಳಬೇಕಿತ್ತು. ಆ ಮಾತನ್ನು ಇಂಗ್ಲಿಷಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ; ಕನ್ನಡದಲ್ಲಿ ಹೇಳುವುದನ್ನು ನೆನೆದೇ ಹೆದರಿಕೆಯಾಯಿತು.

ಆದರೆ ನನ್ನ ತಲೆ ಕೊರೆಯುತ್ತಿದ್ದದ್ದು ಬೇರೆ. ಅಂಗಡಿಯವರು ಭಟ್ಟಿಯಲ್ಲಿ ಒಣಗಿಸಿ ಮಾರುವ ಕಟ್ಟಿಗೆ ಅದು. ಇಷ್ಟೊಂದು ಹೊಗೆ ಯಾಕೆ? ಒಂದು ತುಂಡು ಎತ್ತಿಕೊಂಡೆ. ಕೈ ಒದ್ದೆಯಾಯಿತು.

“ಮಳೇಲಿ ಬಿಟ್ಟಿದ್ರಾಮ್ಮ?”

“ಮಳೆ ಎಲ್ಲಿ ಬಂತು? ನಾನೇ ನೆನೆಹಾಕಿ ತೊಳೆದೆ,” ಎಂದರು ಜಯಮ್ಮ. “ಅಂಗಡಿ ಕಟ್ಟಿಗೆ, ಯಾರ್ಯಾರು ಮುಟ್ಟಿರ್ತಾರೋ. ಹೋಮಕ್ಕೆ ಹಾಗೇ ಹಾಕಕ್ಕಾಗತ್ತಾ?”

ಸುಷ್ಮಾ ತಲೆಯ ಮೇಲೆ ಕೈ ಹೊತ್ತಳು. “ಅತ್ತೆ, ನಂಗೆ ಹೇಳ್ಲೇ ಇಲ್ವಲ್ಲ.”

“ಹೇಳಿದ್ರೆ ಬೇಡ ಅಂತಿದ್ದೆ.”

ಭಾನುವಾರದೊಳಗೆ ಅದು ಒಣಗುವಂತಿರಲಿಲ್ಲ. ಹೊಸದು ತಂದರೆ ಅದಕ್ಕೂ ಸ್ನಾನ ತಪ್ಪಿದ್ದಲ್ಲ. ಮಡಿಯ ಎದುರು ಫೈರ್ ಕೋಡ್ ಓದಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಅತ್ತೆ-ಸೊಸೆ ಇಬ್ಬರನ್ನೂ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, ಡೇವ್ ಅವರನ್ನು ಕೂಗಿ, ಎರಡು ಕಡೆಯ ಸಂಗತಿಯನ್ನೂ ಎರಡು ಭಾಷೆಯಲ್ಲಿ ಹೇಳಿದೆ. ಡೇವ್ ತಮ್ಮ ಶೆಡ್ಡಿನ ಕಡೆ ಕೈ ತೋರಿಸಿದರು. ಅಲ್ಲಿ ಅವರೇ ಸೀಳಿ ಜೋಡಿಸಿಟ್ಟ ಮೇಪಲ್ ಕಟ್ಟಿಗೆ ಇತ್ತು.

“ಎರಡು ವರ್ಷ ಒಣಗಿದ್ದು, ಹೊಗೆ ಬರೋದೇ ಇಲ್ಲ ಅನ್ನಬಹುದು. ಬೇಕಾದಷ್ಟು ತಗೊಳ್ಳಿ. ತೊಳೀಬೇಡಿ ಅಂತ ಮಾತ್ರ ಹೇಳಿ,” ಎಂದು ಇಂಗ್ಲಿಷಿನಲ್ಲಿ ಅಂದರು.

ನಾನು ಹೇಳಿದ್ದನ್ನು ಕೇಳಿಸಿಕೊಂಡು ಜಯಮ್ಮ ಕಟ್ಟಿಗೆಯ ರಾಶಿಯನ್ನೇ ನೋಡಿದರು. ಡೇವ್ ಅವರ ನಾಯಿ ಅದಕ್ಕೆ ಒರಗಿಕೊಂಡು ಸುಖವಾಗಿ ಮಲಗಿತ್ತು. ಇನ್ನು ಮುಗಿಯಿತು ಅಂದುಕೊಂಡೆ.

“ಆಕೆಗೆ ಉಸಿರಾಟದ ಕಷ್ಟಾನಾ?” ಎಂದು ಕೇಳಿದರು ಜಯಮ್ಮ.

ಹೌದೆಂದೆ.

“ಬೆಂಕಿಗೆ ಯಾವ ಮೈಲಿಗೆ? ಮೈಲಿಗೆಯೆಲ್ಲ ನಮಗೆ. ಕೊಡಕ್ಕೆ ಹೇಳಮ್ಮ,” ಎಂದರು ನನ್ನ ಕಡೆ ತಿರುಗಿ.

ಭಾನುವಾರ ನನಗೆ ರಜೆ. ಆದರೂ ಫೋನ್ ಕೈಯಲ್ಲೇ ಹಿಡಿದುಕೊಂಡು ಹೋಮಕ್ಕೆ ಹೋದೆ. ಬೆಂಕಿ ಶುದ್ಧವಾಗಿ ಉರಿಯಿತು. ತುಪ್ಪ ಬಿದ್ದಾಗ ಎದ್ದ ಹೊಗೆ ಅಲ್ಲೇ ಕರಗಿತು. ಪೂರ್ಣಾಹುತಿ ಆಯಿತು, ಫೋನ್ ರಿಂಗಾಗಲಿಲ್ಲ. ಬೆಂಕಿ ಪೂರ್ತಿ ಆರುವವರೆಗೆ ಯಾರಾದರೂ ಪಕ್ಕದಲ್ಲಿರಬೇಕು ಎಂಬ ನಿಯಮ ಹೇಳಲು ಹೊರಟೆ. ಜಯಮ್ಮ ಆಗಲೇ ಮಣೆ ಹಾಕಿಕೊಂಡು ಕೂತಿದ್ದರು.

ಇಂಚು ಅಡಿಗಳ ಲೆಕ್ಕವನ್ನು ಕೋಡ್ ಕಲಿಸಿತ್ತು. ಕೋಡ್‌ನಲ್ಲಿ ಇಲ್ಲದ್ದನ್ನು ಆ ಹಿತ್ತಿಲು ಕಲಿಸಿತು. ಅಲ್ಲಿಂದೀಚೆಗೆ ದೂರು ಬಂದ ಮನೆಯಲ್ಲಿ ನಾನು ಮೊದಲು ಟೇಪ್ ತೆಗೆಯುವುದಿಲ್ಲ. ಕಟ್ಟಿಗೆ ಮುಟ್ಟಿ ನೋಡುತ್ತೇನೆ. ಒದ್ದೆಯಿದ್ದರೆ ಯಾಕೆಂದು ಕೇಳುತ್ತೇನೆ. ಅವತ್ತು ನಾನು ಹೊರಡುವಾಗ ಸುಷ್ಮಾ ಬೇಲಿಯ ಮೇಲಿಂದ ಪಾಯಸದ ಡಬ್ಬಿ ಚಾಚಿದ್ದಳು. ಅದನ್ನು ತೆಗೆದುಕೊಳ್ಳಲು ಬಂದದ್ದು ಲಿಂಡಾ. ಅವರ ಹಿಂದೆ ಕಿಟಕಿಗಳೆಲ್ಲ ತೆರೆದಿದ್ದವು.