ಅತ್ತೆಯ ಎಡಗೈ ಕಿರುಬೆರಳು

ನನ್ನ ಸೋದರತ್ತೆಗಿಂತ ಮೊದಲು ಅವಳ ದನಿ ನಮ್ಮ ಮನೆಗೆ ಬರುತ್ತದೆ. ಅವಳಿನ್ನೂ ಕೆಳಗಿನ ಮೆಟ್ಟಿಲಲ್ಲಿರುವಾಗಲೇ ಮೇಲಿನ ಮಹಡಿಯ ನಮಗೆ ಆ ದಿನದ ಸಮಾಚಾರ ಅರ್ಧ ತಲುಪಿರುತ್ತದೆ. ನಡುವಿನ ಮನೆಗಳವರಿಗೂ ಅವಳ ಸಂಸಾರದ ಸುದ್ದಿ ಬಾಯಿಪಾಠ. ಅವಳ ಗಂಡ, ಅಂದರೆ ನನ್ನ ಮಾವ, ಲಿಫ್ಟ್ ರಿಪೇರಿಯವರು. ಹಗಲೆಲ್ಲ ಕತ್ತಲ ಗೂಡಿನೊಳಗೆ ಹಗ್ಗ, ಗಾಲಿ, ಗ್ರೀಸಿನ ಜೊತೆ ಕಳೆದು ಬರುವ ಮನುಷ್ಯ. ಮಾತು ಬಲು ಕಡಿಮೆ. "ನನ್ನ ಪಾಲಿನ ಮಾತನ್ನೂ ಅವಳೇ ಆಡಿಬಿಡ್ತಾಳೆ, ನನಗೆ ಉಳಿತಾಯ" ಅನ್ನುತ್ತಾರೆ. ಅದನ್ನೂ ಅತ್ತೆ ಎದುರಿಗಿಲ್ಲದಾಗ, ಮೆಲ್ಲಗೆ.

ನನ್ನ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಕಂಪ್ಯೂಟರನ್ನು ಒಂದು ಕೋಣೆಯಲ್ಲಿಟ್ಟು ಅದರ ಪರದೆ, ಕೀಬೋರ್ಡ್, ಮೌಸ್‌ಗಳನ್ನು ಇನ್ನೊಂದು ಕೋಣೆಯಲ್ಲಿಡುವುದು ನನ್ನ ಉದ್ಯೋಗ. ಕಂಪ್ಯೂಟರಿನ ಪಕ್ಕ ಒಂದು ಪುಟ್ಟ ಪೆಟ್ಟಿಗೆ, ಮೇಜಿನ ಕೆಳಗೆ ಅದರ ಜೋಡಿ ಪೆಟ್ಟಿಗೆ, ನಡುವೆ ನೆಟ್‌ವರ್ಕಿನ ತಂತಿ. ಆ ಕಡೆಯಿಂದ ಚಿತ್ರ ಬರುತ್ತದೆ, ಈ ಕಡೆಯಿಂದ ಬೆರಳಿನ ಒತ್ತು ಹೋಗುತ್ತದೆ. ಎಕ್ಸ್‌ಟೆಂಡರ್ ಎಂದು ಹೆಸರು. ಇದನ್ನು ಮನೆಯಲ್ಲಿ ವಿವರಿಸಲು ಹೋದ ದಿನ ಅಮ್ಮ ಕೊನೆಯವರೆಗೆ ತಾಳ್ಮೆಯಿಂದ ಕೇಳಿ, "ಅಂದ್ರೆ ಹತ್ತಿರ ಇದ್ದದ್ದನ್ನ ದೂರ ಇಟ್ಟು ಅದಕ್ಕೆ ಸಂಬಳ ತಗೋತೀಯ" ಅಂದಳು. ನಮ್ಮ ಕಂಪನಿಯವರೇ ಇದಕ್ಕಿಂತ ಚೆನ್ನಾಗಿ ಬರೆದುಕೊಂಡಿಲ್ಲ. ಅತ್ತೆಯಂತೂ ನನ್ನ ಮೈಕಟ್ಟನ್ನೂ ಕಸುಬನ್ನೂ ಒಂದೇ ಏಟಿಗೆ ಮುಗಿಸಿ 'ತಂತಿ' ಎಂದು ಕರೆಯುತ್ತಾಳೆ.

ಅವಳಿಗೆ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕೆಲಸ. ಫೋನು ಎತ್ತಬೇಕು, ಯಾರಿಗೆ ಏನಾಗಿದೆ, ಎಲ್ಲಿ ಎಂದು ಕೇಳಬೇಕು, ಕೇಳುತ್ತಲೇ ಟೈಪ್ ಮಾಡಬೇಕು, ಹತ್ತಿರದ ಗಾಡಿಯನ್ನು ಓಡಿಸಬೇಕು. ಫೋನು ಮಾಡುವವರಿಗೆ ಹುಟ್ಟಿದಾಗಿನಿಂದ ಇದ್ದ ಬೀದಿಯ ಹೆಸರೇ ಆ ಹೊತ್ತಿಗೆ ಬಾಯಿಗೆ ಬರುವುದಿಲ್ಲ. ಅಂಥವರಿಂದ ವಿಳಾಸ ಹೊರಡಿಸುವುದರಲ್ಲಿ ತನ್ನ ಸಮ ಯಾರೂ ಇಲ್ಲ ಎಂಬುದು ಅತ್ತೆಯ ನಂಬಿಕೆ. ಅದನ್ನು ಅವಳು ಎಂದೂ ಗುಟ್ಟಾಗಿಟ್ಟವಳಲ್ಲ. "ನನ್ನ ಹತ್ರ ಮಾತಾಡಿದ್ರೆ ಅರ್ಧ ಕಾಯಿಲೆ ವಾಸಿ. ಉಳಿದರ್ಧ ನೋಡ್ಕೊಳ್ಳೋಕೆ ಡಾಕ್ಟರ್ ಇದ್ದಾರೆ." ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಜಂಬ ಅನ್ನುತ್ತಿದ್ದೆವು. ಅತ್ತೆ ಹೇಳಿದರೂ ಜಂಬವೇ, ಆದರೆ ಜಂಬದ ಜೊತೆಗೆ ನಿಜವೂ ಹೌದು.

ಆ ಕೋಣೆಯಲ್ಲಿ ಮೂರು ಮೇಜು. ಪ್ರತಿ ಮೇಜಿನ ಕೆಳಗೂ ಗೂರಲು ಹಿಡಿದವರ ಹಾಗೆ ಏದುಸಿರು ಬಿಡುವ ಒಂದು ಹಳೆಯ ಕಂಪ್ಯೂಟರು. ಅವುಗಳ ಬಿಸಿ ಇಳಿಸಲು ಗೋಡೆಯಲ್ಲಿ ದೊಡ್ಡ ಫ್ಯಾನು, ಫ್ಯಾನಿನ ಸದ್ದು ಮೀರಲು ಎಲ್ಲರದೂ ಏರುದನಿ. ಈಚೆಗೆ ಅತ್ತೆ ವಿಳಾಸವನ್ನು ಎರಡೆರಡು ಸಲ ಕೇಳತೊಡಗಿದ್ದಳು. ಒಮ್ಮೆ ಗಾಡಿ ತಪ್ಪು ಬೀದಿಗೆ ಹೋಗಿ ತಿರುಗಿಕೊಂಡು ಬಂತು. ಕಾಲು ಉಳುಕಿದ ಮನುಷ್ಯ, ಕಾದದ್ದರಿಂದ ಅವನಿಗೇನೂ ಆಗಲಿಲ್ಲ. ಆದರೆ ಕಂಟ್ರೋಲ್ ರೂಮಿನ ಸಾಹೇಬರಿಗೆ ಚಿಂತೆ ಹತ್ತಿತು. ಅತ್ತೆಯ ಕಿವಿ ಪರೀಕ್ಷೆ ಮಾಡಿಸಿದರು. ಸದ್ದಿಲ್ಲದ ಕಡೆ ಇವರಿಗೆ ಚೆನ್ನಾಗಿ ಕೇಳಿಸುತ್ತದೆ, ಗದ್ದಲದಲ್ಲಿ ಮಾತ್ರ ಮಾತು ಕಲಸಿಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಸಾಹೇಬರ ಕಿವಿಗೆ ಎರಡನೆಯ ಅರ್ಧವಷ್ಟೇ ಬಿತ್ತು. ಸ್ಟೋರ್ ರೂಮಿನಲ್ಲಿ ಕೈಗವಸು, ಹತ್ತಿ, ಸ್ಟ್ರೆಚರಿನ ಹೊದಿಕೆ ಎತ್ತಿಕೊಡುವ ಜಾಗ ಖಾಲಿ ಇತ್ತು. ಅತ್ತೆಯನ್ನು ಅಲ್ಲಿಗೆ ಕಳಿಸುವ ಮಾತು ಎದ್ದಿತು.

ದಿನವಿಡೀ ಮಾತಿನಲ್ಲೇ ಬದುಕುವವಳನ್ನು ಹತ್ತಿ ಮೂಟೆಗಳ ನಡುವೆ ಕೂರಿಸುವುದನ್ನು ನೆನೆದು ಮಾವನಿಗೂ ಕಣ್ಣು ತುಂಬಿತು. ಅತ್ತೆ ಅಳಲಿಲ್ಲ. ನೇರವಾಗಿ ಸಾಹೇಬರ ಕೋಣೆಗೆ ಹೋದಳು.

"ನನ್ನ ಕಿವಿಗೆ ಏನೂ ಆಗಿಲ್ಲ ಸಾರ್, ಆಗಿರೋದು ಈ ರೂಮಿಗೆ. ಔಷಧಿ ರೂಮಿಗೆ ಕೊಡಿಸಿ. ಅದಕ್ಕೆ ಒಬ್ಬ ಡಾಕ್ಟರ್ ಇದ್ದಾನೆ, ನಮ್ಮಣ್ಣನ ಮಗ."

ಹೀಗೆ ನಮ್ಮ ಕಂಪನಿಗೆ ಕೆಲಸ ಬಂತು, ನನಗೆ ಎದೆಬಡಿತ ಬಂತು. ಸಾಹೇಬರ ಷರತ್ತು ಸರಳವಾಗಿತ್ತು. ಕಂಪ್ಯೂಟರ್‌ಗಳನ್ನು ಕಾರಿಡಾರಿನಾಚೆಯ ತಂಪು ಕೋಣೆಗೆ ಸಾಗಿಸಿ, ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಮೂರೂ ಮೇಜು ಸರಿಯಾಗಿ ನಡೆದರೆ ಅತ್ತೆ ತನ್ನ ಕುರ್ಚಿಯಲ್ಲೇ. ಇಲ್ಲವಾದರೆ ಕಂಪ್ಯೂಟರ್‌ಗಳು ಮತ್ತೆ ಮೇಜಿನ ಕೆಳಗೆ, ಅತ್ತೆ ಸ್ಟೋರಿಗೆ. ಅಲ್ಲಿಯವರೆಗೆ ಬರುವ ಕರೆಗಳನ್ನು ಪಕ್ಕದ ಊರಿನ ಕಂಟ್ರೋಲ್ ರೂಮು ನೋಡಿಕೊಳ್ಳುತ್ತದೆ.

ಬೆಳಿಗ್ಗೆ ನಾನು ತಂತಿಯ ಸುರುಳಿ ಹೆಗಲಿಗೇರಿಸಿಕೊಂಡು ಒಳಗೆ ಬಂದಾಗ ಅತ್ತೆ ಎಲ್ಲರಿಗೂ ನನ್ನನ್ನು ಪರಿಚಯಿಸಿದಳು. "ಇವನೇ. ನೋಡೋಕೆ ಹೀಗಿದ್ದಾನೆ, ಕೆಲಸ ಗೊತ್ತು." ಆಮೇಲೆ ನನ್ನ ಕಡೆ ತಿರುಗಿ, "ಲೋ ತಂತಿ, ನನ್ನ ಮೇಜು ಕೊನೆಗೆ ಮಾಡು. ಮೊದಲು ಬೇರೆಯವರ ಮೇಲೆ ಕೈ ಪಳಗಿಸ್ಕೋ."

ಆ 'ಬೇರೆಯವರು' ಪಕ್ಕದ ಮೇಜಿನ ಸಹೋದ್ಯೋಗಿ. ಪಾಳಿ ಮುಗಿದ ಕ್ಷಣಕ್ಕೆ ಸರಿಯಾಗಿ ಎದ್ದು ನಿಲ್ಲುವುದರಿಂದ ಅವರಿಗೆ 'ಗಡಿಯಾರ' ಎಂಬ ಹೆಸರು ಬಿದ್ದಿತ್ತು. ಅವರು ನಿಟ್ಟುಸಿರಿಟ್ಟು ಕುರ್ಚಿ ಸರಿಸಿದರು.

ಕೆಲಸ ಚೆನ್ನಾಗಿಯೇ ಸಾಗಿತು. ಚಿತ್ರಗಳ ಓಡಾಟ ಕಚೇರಿಯ ಫೋನುಗಳಿಗೆ ಅಡ್ಡಬರದಂತೆ ತಂತಿಗಳೆಲ್ಲ ಬಂದು ಸೇರುವ ಬೇರೆಯೇ ಒಂದು ಸ್ವಿಚ್ ಪೆಟ್ಟಿಗೆ ಇಟ್ಟೆ. ಕೇಳಿದ ಮೇಜಿಗಷ್ಟೇ ಚಿತ್ರ ಕೊಡು, ಕಂಡಕಂಡವರಿಗೆಲ್ಲ ಹಂಚಬೇಡ ಎಂದು ಅದಕ್ಕೆ ತಾಕೀತು ಮಾಡಿದೆ. ಪ್ರತಿ ಪೆಟ್ಟಿಗೆಗೂ ಒಂದು ವಿಳಾಸ ಕೊಟ್ಟು ಜೋಡಿಯನ್ನು ಜೋಡಿಗೆ ಪರಿಚಯಿಸಿದೆ. ಮೊದಲ ಕಂಪ್ಯೂಟರು ಹೊಸ ಕೋಣೆಯಲ್ಲಿ ಎಚ್ಚರಗೊಂಡಾಗ ಪಕ್ಕದಲ್ಲಿ ಪರದೆ ಕಾಣದೆ ಮುನಿಸಿಕೊಂಡು, ಮಸುಕಾದ ಪುಟಾಣಿ ಚಿತ್ರ ಕಳಿಸಿತು. ಪರದೆಯ ಜಾತಕವನ್ನು, ಅಂದರೆ ಅದರ ಅಳತೆ-ಗುಣಗಳನ್ನು, ಪೆಟ್ಟಿಗೆಯೊಳಗೆ ಬರೆದಿಟ್ಟು, ಪರದೆ ಇಲ್ಲೇ ಇದೆ ಎಂದು ಅದನ್ನು ನಂಬಿಸಿದೆ. ಮುನಿಸು ಇಳಿಯಿತು. ಸುಳ್ಳು ಹೇಳಿ ಸಂಸಾರ ನಡೆಸುವುದು ನಮ್ಮ ಕಸುಬಿನ ಅರ್ಧ ಭಾಗ.

ಜೊತೆಗೆ ನನ್ನದೇ ಒಂದು ಸೊಗಸು ಸೇರಿಸಿದ್ದೆ. ಒಂದು ಕಂಪ್ಯೂಟರು ಕೈಕೊಟ್ಟರೆ ಕುಳಿತಲ್ಲಿಂದಲೇ ಇನ್ನೊಂದಕ್ಕೆ ಹಾರುವ ಅನುಕೂಲ. ಅದಕ್ಕೆ ಕಂಟ್ರೋಲ್ ಕೀಯನ್ನು ಎರಡು ಸಲ ಬೇಗ ಬೇಗ ಒತ್ತಬೇಕು. ಆ ಕೀ ಒಂಟಿಯಾಗಿ ಏನನ್ನೂ ಮಾಡುವುದಿಲ್ಲ. ಅದನ್ನು ಸುಮ್ಮಸುಮ್ಮನೆ ಎರಡೆರಡು ಸಲ ಒತ್ತುವವರು ಯಾರಿದ್ದಾರೆ ಎಂದು ನಾನೇ ಆರಿಸಿದ್ದೆ. ಆ ಹೊತ್ತಿನಲ್ಲಿ ನನ್ನ ಜಾಣತನದ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಕಂಪ್ಯೂಟರೂ ಹೊರಹೋಯಿತು. ಗೋಡೆಯ ಫ್ಯಾನು ಆರಿಸಿದೆ. ಕೋಣೆ ಒಮ್ಮೆಲೇ ಸುಮ್ಮನಾಯಿತು. ಹೊರಗೆ ಅಂಗಳದಲ್ಲಿ ಯಾರೋ ಗಾಡಿ ತೊಳೆಯುವ ನೀರಿನ ಸದ್ದು ಕೇಳಿಸಿತು. ಗಡಿಯಾರದವರು ಬೆಕ್ಕಸಬೆರಗಾಗಿ ಕಿವಿ ಮುಟ್ಟಿಕೊಂಡರು.

"ನೋಡಿದ್ರಾ! ಹೇಳಿರಲಿಲ್ವಾ ನಾನು!" ಎಂದು ಅತ್ತೆ ಹಳೆಯ ಅಭ್ಯಾಸದಂತೆ ಕೂಗಿದಳು. ಎಲ್ಲರೂ ಬೆಚ್ಚಿಬಿದ್ದರು. ಅವಳೂ.

ಪರೀಕ್ಷೆಗೆಂದು ಅಂಗಳದಿಂದ ಡ್ರೈವರಣ್ಣ ಫೋನು ಮಾಡಿದ. ನಾಟಕದ ಹುಚ್ಚಿನ ಮನುಷ್ಯ. "ಅಯ್ಯೋ ತಾಯಿ, ಏಣಿಯಿಂದ ಬಿದ್ದುಬಿಟ್ಟೆ, ಸೊಂಟ ಎಲ್ಲಿದೆ ಅಂತ್ಲೇ ಗೊತ್ತಾಗ್ತಿಲ್ಲ!"

"ಸೊಂಟ ಆಮೇಲೆ ಹುಡುಕೋಣ, ಮನೆ ಎಲ್ಲಿದೆ ಹೇಳು," ಎಂದು ಅತ್ತೆ ಶುರುಮಾಡಿದಳು. ಅಷ್ಟರಲ್ಲಿ ಅವಳ ಪರದೆ ಮಿಟುಕಿ, ಅವಳು ಬರೆಯುತ್ತಿದ್ದ ಪುಟ ಮಾಯವಾಗಿ, ಖಾಲಿ ಇದ್ದ ಮೂರನೆಯ ಮೇಜಿನ ಚಿತ್ರ ಬಂದು ಕೂತಿತು. ಮತ್ತೆ ಮಿಟುಕಿತು. ಈಗ ಪಕ್ಕದಲ್ಲಿ ಗಡಿಯಾರದವರ ಕೂಗು: "ಏಯ್, ನನ್ನ ಪರದೆ ಮೇಲೆ ಯಾರೋ ಬರೀತಿದ್ದಾರೆ! 'ಸೊಂಟ' ಅಂತ ಬಂತು!"

ನಾನು ಅತ್ತೆಯ ಕುರ್ಚಿಯಲ್ಲಿ ಕೂತು ನೋಡಿದೆ. ಎಲ್ಲ ನೆಟ್ಟಗೆ. ಟೈಪ್ ಮಾಡಿದೆ, ಮೌಸ್ ಆಡಿಸಿದೆ, ಫೋನು ಎತ್ತಿ ಇಟ್ಟೆ. ಹಸುವಿನ ಹಾಗೆ ಸಾಧು. ಅತ್ತೆ ಕೂತು ಮಾತು ಶುರುಮಾಡಿದಳು, ಪರದೆ ಹಾರಿತು. ತಂತಿ ಬದಲಿಸಿದೆ, ಪೆಟ್ಟಿಗೆ ಬದಲಿಸಿದೆ, ಆರಿಸಿ ಹೊತ್ತಿಸಿದೆ. ಕೊನೆಗೆ ಕೀಬೋರ್ಡನ್ನು ತಲೆಕೆಳಗು ಮಾಡಿ ಕೊಡವಿದೆ. ಒಂದಷ್ಟು ಬಿಸ್ಕತ್ತಿನ ಪುಡಿ ಬಿತ್ತು, ಅಷ್ಟೇ. ನನ್ನ ಕೈಯಲ್ಲಿ ಸರಿ, ಅವಳ ಕೈಯಲ್ಲಿ ಹಾರಾಟ.

ಸಾಹೇಬರು ಬಾಗಿಲಲ್ಲಿ ನಿಂತಿದ್ದರು. "ನಿಜವಾದ ಕರೆ ಬಂದಾಗ ಹೀಗಾದ್ರೆ ಏನ್ ಗತಿ? ಸಂಜೆವರೆಗೆ ನೋಡ್ತೀನಿ. ಆಗಲಿಲ್ವಾ, ಎಲ್ಲ ಮೊದಲಿನ ಜಾಗಕ್ಕೆ." ಅವರು ಅತ್ತೆಯ ಮುಖ ನೋಡಲಿಲ್ಲ. ಆ ನೋಡದಿರುವುದೇ ಅವರು ಆಡದ ಮಾತನ್ನು ಹೇಳುತ್ತಿತ್ತು.

ಅತ್ತೆ ಮಾತ್ರ ಚಹಾ ತರಿಸಿದಳು. "ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ನೀನು ಮಗುವಾಗಿದ್ದಾಗ ರೇಡಿಯೋ ಬಿಚ್ಚಿ ಹಾಕಿದ್ದೆ. ಆಮೇಲೆ ಜೋಡಿಸಿದೆ."

"ಅದು ಹಾಡಲಿಲ್ಲ ಅತ್ತೆ."

"ಜೋಡಿಸಿದ್ದಂತೂ ನಿಜ ತಾನೇ? ಕುಡಿ, ಕುಡಿದು ಮೇಜಿನ ಕೆಳಗೆ ಹೋಗು."

ಹೋದೆ. ಬೇರೇನೂ ತೋಚದಿದ್ದಾಗ ಮೇಜಿನ ಕೆಳಗೆ ಹೋಗುವುದು ನಮ್ಮ ಕಸುಬಿನವರ ಪದ್ಧತಿ. ಅಲ್ಲಿ ಮುಖ ಯಾರಿಗೂ ಕಾಣುವುದಿಲ್ಲ. ಮೇಲೆ ಅತ್ತೆ ಡ್ರೈವರಣ್ಣನ ಇನ್ನೊಂದು ಕರೆ ಎತ್ತಿಕೊಂಡಳು. ಈ ಸಲ ಅವನಿಗೆ ಹಾವು ಕಚ್ಚಿತ್ತು. "ಗಾಬರಿ ಬೇಡ, ನಾನಿದ್ದೀನಿ. ಯಾವ ಬೀದಿ?" ಎನ್ನುತ್ತಿದ್ದಂತೆ ನನ್ನ ತಲೆಯ ಮೇಲೆ ಒಂದು ಸದ್ದು ಕೇಳಿಸಿತು. ಟಕ್ ಟಕ್. ಕೂಡಲೇ ಪೆಟ್ಟಿಗೆಯ ದೀಪ ಮಿಟುಕಿತು. "ಪಕ್ಕದಲ್ಲಿ ಏನಿದೆ? ಅಂಗಡಿನಾ?" ಟಕ್ ಟಕ್. ದೀಪ ಮತ್ತೆ ಮಿಟುಕಿತು.

ಏಳುವ ಭರದಲ್ಲಿ ಮೇಜಿನ ಹಲಗೆಗೆ ನೆತ್ತಿ ಬಡಿಸಿಕೊಂಡೆ. ಅತ್ತೆಯ ಎಡಗೈಯ ಕಿರುಬೆರಳು ಕಂಟ್ರೋಲ್ ಕೀಯ ಮೇಲೆ ಕುಣಿಯುತ್ತಿತ್ತು.

"ಅತ್ತೆ! ಅದೇನು ಮಾಡ್ತಿದ್ದೀಯ?"

"ಯಾವುದು?" ಎಂದು ಅವಳು ತನ್ನ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು. "ಓ, ಇದಾ. ಪರದೆ ಮಲಗಿಬಿಡತ್ತಲ್ಲ, ಎಬ್ಬಿಸೋಕೆ. ಬೇರೆ ಕೀ ಒತ್ತಿದ್ರೆ ವಿಳಾಸದ ಮಧ್ಯೆ ಅಕ್ಷರ ಬಿದ್ದುಬಿಡತ್ತೆ. ಇದೊಂದೇ ಏನೂ ಬರೆಯಲ್ಲ. ಕೆಲಸಕ್ಕೆ ಸೇರಿದಾಗ ಕಲಿಸಿದ್ರು. ಈಗ ಕೈಗೇ ಬಂದುಬಿಟ್ಟಿದೆ."

ಗಡಿಯಾರದವರು ಎದ್ದು ಬಂದು ಬಗ್ಗಿ ನೋಡಿದರು. "ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೀನಿ, ಒಂದು ದಿನವೂ ಕೇಳಿಸಿಲ್ವಲ್ಲ!" ಕೇಳಿಸುವುದಾದರೂ ಹೇಗೆ? ಆ ಗದ್ದಲದಲ್ಲಿ ಡೋಲು ಬಾರಿಸಿದ್ದರೂ ಕೇಳಿಸುತ್ತಿರಲಿಲ್ಲ. ಯಾರೂ ಒತ್ತುವುದಿಲ್ಲವೆಂದು ನಾನು ಆರಿಸಿದ ಕೀ, ಅವಳು ದಿನಕ್ಕೆ ಸಾವಿರ ಸಲ ಒತ್ತುವ ಕೀಯೇ ಆಗಿತ್ತು. ಈಗ ಕೋಣೆ ಸುಮ್ಮನಾದದ್ದರಿಂದ ಸಿಕ್ಕಿಬಿತ್ತು.

ನಾನು ನಕ್ಕೆ. ಸುಲಭದ ದಾರಿಯನ್ನೇ ಹಿಡಿದೆ. "ಅದೊಂದನ್ನ ಒತ್ತಬೇಡ ಅತ್ತೆ. ಮುಗೀತು."

"ಅಷ್ಟೇನಾ? ಬಿಟ್ಟೆ ಬಿಡು," ಎಂದು ಅವಳು ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಡ್ರೈವರಣ್ಣನಿಗೆ ಹೊಟ್ಟೆನೋವು ಬಂತು. ಅತ್ತೆ ಎತ್ತಿಕೊಂಡಳು, "ಗಾಬರಿ ಬೇಡ" ಎಂದಳು, ಮುಂದೆ ಮಾತು ತಡವರಿಸಿತು. ಬೀದಿಯ ಹೆಸರು ಕೇಳಿದಳು, ಬರೆದಳು, ಮತ್ತೆ ಕೇಳಿದಳು. ಅವನು ಹೇಳಿದ್ದು ನನಗೇ ಕೇಳಿಸುತ್ತಿತ್ತು. ಪರದೆ ಬಂಡೆಯ ಹಾಗೆ ಕೂತಿತ್ತು, ಕುಂಟುತ್ತಿದ್ದದ್ದು ಅತ್ತೆ. ಆ ಟಕ್ ಟಕ್‌ಗೆ ಅವಳ ಮಾತು ಹೆಜ್ಜೆ ಹಾಕುತ್ತಿತ್ತು. ಎದುರಿನವನ ಗಾಬರಿಯನ್ನು ಅವಳು ಅದೇ ತಾಳಕ್ಕೆ ಇಳಿಸುತ್ತಿದ್ದಳು. ಬಾಗಿಲಲ್ಲಿ ಸಾಹೇಬರು ಗಡಿಯಾರ ನೋಡಿಕೊಂಡರು, ಗೋಡೆಯದ್ದನ್ನು.

ಅತ್ತೆ ಫೋನಿಟ್ಟಳು. ಮೊದಲ ಸಲ ಅವಳ ದನಿ ಸಣ್ಣಗಿತ್ತು. "ಲೋ ತಂತಿ, ಕೈ ಕಟ್ಟಿಹಾಕಿದ್ರೆ ಬಾಯೇ ಕಟ್ಟಿದ ಹಾಗಾಗತ್ತಲ್ಲೋ."

"ಕೈ ಬಿಡು ಅತ್ತೆ. ಬದಲಾಗಬೇಕಾದದ್ದು ನೀನಲ್ಲ, ನನ್ನ ಸೊಗಸು."

ಲ್ಯಾಪ್‌ಟಾಪ್ ತೆರೆದು ಪೆಟ್ಟಿಗೆಗಳ ಹೊಂದಾಣಿಕೆಯ ಪುಟಕ್ಕೆ ಹೋದೆ. ಕಂಟ್ರೋಲ್ ತೆಗೆದು ಸ್ಕ್ರೋಲ್ ಲಾಕ್ ಹಾಕಿದೆ. ಕೀಬೋರ್ಡಿನ ಬಲಮೂಲೆಯಲ್ಲಿ, ಯಾಕಿದೆಯೆಂದು ತನಗೇ ಮರೆತುಹೋದಂತೆ ಕೂತಿರುವ ಕೀ ಅದು. ಈ ಸಲ ಮಾತ್ರ ನನ್ನ ಜಾಣತನವನ್ನು ನಂಬದೆ ಇಬ್ಬರನ್ನೂ ಕೇಳಿದೆ: "ಇದನ್ನ ಯಾರಾದ್ರೂ ಯಾವಾಗಾದ್ರೂ ಮುಟ್ಟಿದ್ದೀರಾ?"

"ಧೂಳು ಒರೆಸುವಾಗ," ಎಂದರು ಗಡಿಯಾರದವರು.

ಮೂರೂ ಪೆಟ್ಟಿಗೆ ಆರಿ ಹೊತ್ತಿಕೊಂಡವು. ಸಾಹೇಬರು ಅಂಗಳಕ್ಕೆ ಇಳಿದರು. ಕಿಟಕಿಯಿಂದ ನೋಡಿದೆ: ಇಂಜಿನ್ ಓಡುತ್ತಿದ್ದ ಗಾಡಿಯ ಪಕ್ಕಕ್ಕೇ ಹೋಗಿ ನಿಂತು ಮೊಬೈಲ್ ಕಿವಿಗಿಟ್ಟರು. ಅತ್ತೆಯ ಫೋನು ಬಡಿದುಕೊಂಡಿತು.

"ಹೇಳಿ. ಗಾಬರಿ ಬೇಡ, ನಾನಿದ್ದೀನಿ." ಟಕ್ ಟಕ್. "ಯಾರಿಗೆ ಏನಾಗಿದೆ?" ಟಕ್ ಟಕ್. ಪರದೆ ಅಲುಗಲಿಲ್ಲ. "ಎದೆನೋವು. ವಯಸ್ಸು? ಸರಿ. ಎಲ್ಲಿ? ನೀರಿನ ಟ್ಯಾಂಕಿನ ಹಿಂದೆ, ಬಡಗಿ ಅಂಗಡಿ ಮೇಲಿನ ಮನೆ, ಮೆಟ್ಟಿಲು ಹಿಂಬದಿಯಿಂದ." ಬೆರಳುಗಳು ಓಡಿದವು. "ಗಾಡಿ ಹೊರಟಿತು ಅಂದ್ಕೊಳ್ಳಿ. ಮತ್ತೆ ಸಾರ್, ಕೊನೆಗೆ ಡ್ರೈವರ್‌ಗೆ 'ಇಂಜಿನ್ ಇನ್ನೂ ಜೋರು ಮಾಡು' ಅಂತ ಪಿಸುಗುಟ್ಟಿದ್ರಲ್ಲ, ಅದೂ ಕೇಳಿಸ್ತು. ಅದನ್ನೂ ಬರ್ಕೊಳ್ಲಾ?"

ಅಂಗಳದಲ್ಲಿ ಇಂಜಿನ್ ನಿಂತಿತು.

ಸಾಹೇಬರು ಮೇಲೆ ಬಂದಾಗ ಅವರ ಮುಖದಲ್ಲಿ ನಗು ಬಂದಿತ್ತು, ಅವರು ಅದನ್ನು ಗದರಿಸಿ ಹಿಂದಕ್ಕೆ ಕಳಿಸುತ್ತಿದ್ದರು. "ಕಂಪ್ಯೂಟರ್‌ಗಳು ಅಲ್ಲೇ ಇರ್ಲಿ, ಕರೆಗಳನ್ನ ಮತ್ತೆ ಇಲ್ಲಿಗೇ ತಿರುಗಿಸ್ತೀನಿ," ಎಂದರು ನನಗೆ. ಅತ್ತೆಗೆ, "ನೀವು ಇಲ್ಲೇ ಇರಿ. ಸ್ಟೋರಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ಸ್ವಲ್ಪ ಮೆಲ್ಲಗೆ ಮಾತಾಡಿ, ಕೆಳಗಿನವರೆಗೂ ಕೇಳಿಸತ್ತೆ."

"ಅಭ್ಯಾಸ ಆಗತ್ತೆ ಸಾರ್," ಎಂದಳು ಅತ್ತೆ. ಯಾರಿಗೆ ಅಭ್ಯಾಸ ಆಗುತ್ತದೆ ಎಂದು ಹೇಳಲಿಲ್ಲ.

ನಾನು ಉಳಿದ ತಂತಿ ಸುತ್ತಿಕೊಳ್ಳುತ್ತಿದ್ದೆ. ಅತ್ತೆ ಹೊಸ ಮೌನದ ನಡುವೆ ನೆಟ್ಟಗೆ ಕೂತು, ಮಲಗುತ್ತಿದ್ದ ಪರದೆಯನ್ನು ಎಬ್ಬಿಸುತ್ತಿದ್ದಳು. ಟಕ್ ಟಕ್. ಟಕ್ ಟಕ್. ಈಗ ಇಡೀ ಕೋಣೆಯಲ್ಲಿ ಅದೊಂದೇ ಸದ್ದು. ಗಡಿಯಾರದವರು ಸ್ವಲ್ಪ ಹೊತ್ತು ತಡೆದುಕೊಂಡರು, ಆಮೇಲೆ ಆಗಲಿಲ್ಲ.

"ಅಕ್ಕಾ, ಆ ಸದ್ದು ತಲೆ ತಿಂತಿದೆ. ಸ್ವಲ್ಪ ನಿಲ್ಲಿಸ್ತೀರಾ?"

ಅತ್ತೆ ಅವರ ಕಡೆ ತಿರುಗಿ ಬಹಳ ಅಕ್ಕರೆಯಿಂದ, ನಿಜಕ್ಕೂ ಮೆಲ್ಲಗೆ, ಕೇಳಿದಳು: "ಸ್ಟೋರಲ್ಲಿ ಒಂದು ಜಾಗ ಖಾಲಿ ಇದೆಯಂತೆ ಕಣಪ್ಪಾ. ಬರೀ ಹತ್ತಿ ಮೂಟೆಗಳು, ಒಂದು ಸದ್ದಿಲ್ಲ. ಸಾಹೇಬರಿಗೆ ಹೇಳ್ಲಾ?"

ಅವರು ಕುರ್ಚಿಯನ್ನು ಇನ್ನಷ್ಟು ಆಚೆ ಸರಿಸಿಕೊಳ್ಳುವಷ್ಟರಲ್ಲಿ ಅತ್ತೆಗೆ ಫೋನು ಬಂತು. ಈ ಸಲ ನಿಜವಾದದ್ದು.